ಜೇಬಿನಲ್ಲಿ ಉಳಿದ ಗುಂಡು

ಹೆದರಿಕೆಗೆ ಅಳತೆಯ ಜ್ಞಾನವಿಲ್ಲ. ಆನೆಗೆ ಹೆದರಿದವನಿಗೆ ಮರ್ಯಾದೆಯಾದರೂ ಉಂಟು. ನಾನು ಹೆದರಿದ್ದು ಕಿರುಬೆರಳಿನ ಅರ್ಧದಷ್ಟಿದ್ದ ಒಂದು ಗುಂಡಿಗೆ. ಅದೂ ಅದು ಬಂದೂಕಿನಲ್ಲಿದ್ದಾಗ ಅಲ್ಲ, ನನ್ನ ಪ್ಯಾಂಟಿನ ಜೇಬಿನಲ್ಲಿದ್ದಾಗ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಂದೂಕಿನ ಮನುಷ್ಯನಲ್ಲ. ದಾವಣಗೆರೆಯಲ್ಲಿ ದೀಪಾವಳಿಗೆ ಪಟಾಕಿ ಹಚ್ಚುವಾಗಲೂ ನನ್ನ ಊದುಬತ್ತಿ ಮುಂದೆ ಹೋದರೆ ಕಾಲು ಹಿಂದೆ ಹೋಗುತ್ತಿತ್ತು. ಈಗ ಮಲೇಷಿಯಾದ ಒಂದು ದ್ವೀಪದಲ್ಲಿ, ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ. ಆ ಚಟ ಮನೆಗೂ ಬಂದಿದೆ. ಲಿಫ್ಟ್ ಕೆಟ್ಟ ತಾರೀಖು, ಕುಕ್ಕರಿನ ರಬ್ಬರ್ ಬದಲಿಸಿದ ದಿನ, ಹೆಂಡತಿ ಸುಮಾ ಸಾರಿಗೆ ಉಪ್ಪು ಮರೆತ ವಾರ, ಎಲ್ಲವೂ ನನ್ನ ದಿನಚರಿಯಲ್ಲಿವೆ. ಈ ಕೊನೆಯದನ್ನು ಓದಿದ ಮೇಲೆ ಸುಮಾ ಉಪ್ಪು ಮರೆಯುವುದನ್ನು ಬಿಟ್ಟಿದ್ದಾಳೆ. ಈಗ ಎರಡು ಸಲ ಹಾಕುತ್ತಾಳೆ.

ನನ್ನ ಈ ಕೀರ್ತಿ ಮನೆ ಮಾಲೀಕ ಲಿಮ್ ಅಂಕಲ್ ಕಿವಿಗೂ ಬಿತ್ತು. ದ್ವೀಪದ ಆಚೆ ಬದಿಯಲ್ಲಿ ಅವರದೊಂದು ದುರಿಯನ್ ತೋಟ. ಹಣ್ಣು ಮಾಗುವ ಮೊದಲೇ ಅಳಿಲುಗಳು ಕೊರೆದು ತಿನ್ನುತ್ತವೆ. ಅವಕ್ಕೆಂದೇ ಅವರ ಬಳಿ ಅಪ್ಪನ ಕಾಲದ ಒಂದು ಸಣ್ಣ ರೈಫಲ್ ಇದೆ, ಅದಕ್ಕೆ ಲೈಸೆನ್ಸೂ ಇದೆ. ಮಲೇಷಿಯಾದಲ್ಲಿ ಲೈಸೆನ್ಸ್ ಇಲ್ಲದವನ ಹತ್ತಿರ ಒಂದೇ ಒಂದು ಗುಂಡು ಸಿಕ್ಕರೂ ಜೈಲು. ಇದ್ದವರೂ ಪ್ರತಿ ಗುಂಡಿಗೆ ಲೆಕ್ಕ ಒಪ್ಪಿಸಬೇಕು.

"ನೀನು ಪರೀಕ್ಷೆ ಮಾಡೋ ಹುಡುಗ. ಅಗ್ಗದ್ದರಲ್ಲಿ ಒಳ್ಳೆಯದು ಯಾವುದು ಹೇಳು ಲಾ" ಎಂದರು ಅಂಕಲ್, ಇಲ್ಲಿಯವರೆಲ್ಲ ಮಾತಿನ ಬಾಲಕ್ಕೆ ಅಂಟಿಸುವ 'ಲಾ' ಸಮೇತ. "ಖಾಲಿ ಡಬ್ಬಿಗೆ ಗುರಿ ಇಡೋಕೂ ಅಳಿಲಿಗೂ ಒಂದೇ ಆಗಬೇಕು. ದುಬಾರಿದು ಹೊಡೀತಾ ಹೋದರೆ ಅಳಿಲಿಗಿಂತ ಮೊದಲು ನಾನು ಸಾಯ್ತೀನಿ."

ಭಾನುವಾರ ಬೆಳಿಗ್ಗೆ ಅವರ ಶೂಟಿಂಗ್ ಕ್ಲಬ್ಬಿಗೆ ಹೋದೆವು. ಕೆಂಪು, ಹಳದಿ, ಹಸಿರು ಪೆಟ್ಟಿಗೆಗಳಲ್ಲಿ ಮೂರು ಬಗೆಯ ಗುಂಡು. ಅಂಕಲ್ ಹೊಡೆಯುವುದು, ನಾನು ಕಿವಿ ಮುಚ್ಚಿಕೊಂಡು ಬರೆಯುವುದು. ಪ್ರತಿ ಸದ್ದಿಗೂ ನಾನು ಹಾರುತ್ತಿದ್ದೆ, ನನ್ನ ಜೊತೆ ಅಕ್ಷರವೂ ಹಾರುತ್ತಿತ್ತು. ಎಲ್ಲಕ್ಕಿಂತ ಅಗ್ಗದ ಕೆಂಪು, ಗುರಿಹಲಗೆಯ ಮೂಲೆ ಮೂಲೆಗೂ ನೆಂಟರ ಹಾಗೆ ಹೋಗಿ ಬಂತು. ಹಸಿರು ಒಂದೇ ಕಡೆ ಕೂತಿತು, ಆದರೆ ಅದರ ಬೆಲೆ ಕೇಳಿ ಅಂಕಲ್ ಮುಖ ತಿರುಗಿಸಿದರು. ನಡುವಿನ ಹಳದಿಯೇ ಸರಿ ಎಂದು ನಾನು ಬರೆಯುವಷ್ಟರಲ್ಲಿ ಅದರಲ್ಲೊಂದು ಹಾರದೆ ಟಿಕ್ ಎಂದು ಸುಮ್ಮನಾಯಿತು. ಕ್ಲಬ್ಬಿನ ಮೇಲ್ವಿಚಾರಕ ಜುಲ್ಕಿಫ್ಲಿ ಸ್ವಲ್ಪ ಹೊತ್ತು ಕಾದು, ಅದನ್ನು ಹೊರಗೆ ತೆಗೆದು, "ನೋಡಿ, ಆ ಕೆಟ್ಟ ಗುಂಡಿನ ಡಬ್ಬಿಗೆ ಹಾಕಿಬಿಡಿ" ಎಂದು ನನ್ನ ಕೈಗೆ ಕೊಟ್ಟರು. ನೋಡಿದೆ. ಗುಂಡಿನ ಬುಡದ ಅಂಚಿನಲ್ಲಿ ರೈಫಲಿನ ಸೂಜಿಯ ಏಟು ಚೆನ್ನಾಗಿಯೇ ಬಿದ್ದಿತ್ತು. ಹಾಗಾದರೆ ತಪ್ಪು ರೈಫಲಿನದಲ್ಲ, ಗುಂಡಿನದು. ನಮ್ಮ ಕಾರ್ಖಾನೆಯಲ್ಲಿ ಕೆಟ್ಟ ಮಾಲನ್ನು ಯಾರೂ ಎಸೆಯುವುದಿಲ್ಲ. ಜೇಬಿಗೆ ಹಾಕಿಕೊಂಡು ಲ್ಯಾಬಿಗೆ ಒಯ್ಯುತ್ತೇವೆ. ನನ್ನ ಕೈ ನನ್ನನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತು.

ಅಂಕಲ್ ಲೆಕ್ಕ ಒಪ್ಪಿಸಲು ನಿಂತರು. ನಾನು ರಸ್ತೆಯಾಚೆಯ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಚಹಾ ಹೋಟೆಲಿಗೆ ಹೋದೆ. ಅಲ್ಲಿ ಸುಮಾ ರೋಟಿ ತಿನ್ನುತ್ತಾ ಕಾಯುತ್ತಿದ್ದಳು. ಪಕ್ಕದ ಮೇಜಿನಲ್ಲಿ ಒಬ್ಬ ಪೊಲೀಸ್ ಚಹಾ ಕುಡಿಯುತ್ತಿದ್ದ. ಬೆವರು ಒರೆಸಲು ಜೇಬಿಗೆ ಕೈ ಹಾಕಿದೆ. ಕರವಸ್ತ್ರದ ಜೊತೆಗೆ ತಣ್ಣಗಿನದೊಂದು ಬೆರಳಿಗೆ ತಾಗಿತು. ಆಗಲೇ ಫೋನ್ ಬಂತು.

"ಒಂದು ಕಮ್ಮಿ ಲಾ" ಎಂದರು ಅಂಕಲ್. ದನಿ ಅವರದ್ದೇ ಅನ್ನಿಸಲಿಲ್ಲ. "ಆ ಹಾರದ ಗುಂಡು ಡಬ್ಬೀಲಿ ಇಲ್ಲ, ನೆಲ ಎಲ್ಲ ಗುಡಿಸಿ ನೋಡಿದ್ವಿ. ಸಿಗದಿದ್ರೆ ಜುಲ್ಕಿಫ್ಲಿ ಪೊಲೀಸರಿಗೆ ಹೇಳಲೇಬೇಕು. ನನ್ನ ಲೈಸೆನ್ಸ್ ಹೋಗುತ್ತೆ. ನೀನು ಕಂಡೆಯಾ?"

"ಕಂಡೆ" ಎಂದೆ. ಫೋನ್ ಇಟ್ಟುಬಿಟ್ಟೆ.

ಸುಮಾಗೆ ಪಿಸುಗುಟ್ಟಿದೆ. ಅವಳು ಅಗಿಯುವುದನ್ನು ನಿಲ್ಲಿಸಿದಳು. "ರೀ, ಎದ್ದು ಹೋಗಿ ಕೊಟ್ಟು ಬನ್ನಿ."

"ಪೊಲೀಸ್ ಇದ್ದಾನೆ ಕಣೇ."

"ಅವನು ಚಹಾ ಕುಡೀತಿದ್ದಾನೆ. ನೀವು ಹೀಗೆ ನಡುಗ್ತಾ ಕೂತರೆ ಡಾಕ್ಟರನ್ನ ಕರೀತಾನೆ. ಡಾಕ್ಟರು ಜೇಬು ನೋಡ್ತಾರೆ."

ಎದ್ದೆ. ಗುಂಡನ್ನು ಮುಷ್ಟಿಯಲ್ಲಿ ಹಿಡಿದೆ. ಜೇಬಿನಲ್ಲಿದ್ದರೆ ಬಚ್ಚಿಟ್ಟ ಹಾಗೆ, ಕೈಯಲ್ಲಿದ್ದರೆ ಕೊಡಲು ಹೊರಟ ಹಾಗೆ ಎಂದು ನ್ಯಾಯಾಲಯದಲ್ಲಿ ವಾದಿಸಬಹುದಲ್ಲ. ರಸ್ತೆಯ ಅಂಚಿಗೆ ಬಂದಿದ್ದೆ.

"ಬಾಸ್!" ಹಿಂದಿನಿಂದ ಪೊಲೀಸಿನವನ ದನಿ.

ನಾನು ಎರಡೂ ಕೈ ಮೇಲೆತ್ತಿ ನಿಂತೆ. ಒಂದು ಕೈ ಬಿಚ್ಚಿತ್ತು, ಇನ್ನೊಂದು ಮುಷ್ಟಿ. ಯಾವುದೋ ಮೆರವಣಿಗೆಯಲ್ಲಿ ಘೋಷಣೆ ಕೂಗುವವನ ಹಾಗೆ ಕಂಡಿರಬೇಕು. ಅವನು ಹತ್ತಿರ ಬಂದ. ನನ್ನ ಮುಖ ನೋಡಿದ, ಕೈ ನೋಡಿದ. ಬಿಚ್ಚಿದ ಕೈಯ ಬೆರಳಿಗೆ ಒಂದು ಪ್ಲಾಸ್ಟಿಕ್ ಚೀಲ ನೇತುಹಾಕಿದ.

"ನಿಮ್ಮ ತಪಾವ್. ಮರೆತಿರಿ."

ಅಂಕಲ್‌ಗೆಂದು ಸುಮಾ ಪಾರ್ಸೆಲ್ ಕಟ್ಟಿಸಿದ್ದ ರೋಟಿ ಅದು. ಕೈ ಇಳಿಸದೆಯೇ ರಸ್ತೆ ದಾಟಿದೆ.

ಜುಲ್ಕಿಫ್ಲಿ ಗುಂಡನ್ನು ತೆಗೆದುಕೊಂಡರು, ಲೆಕ್ಕ ಸರಿಹೋಯಿತು, ಅಂಕಲ್ ಕುರ್ಚಿಯಲ್ಲಿ ಕುಸಿದರು. ಇನ್ನು ಈ ಕ್ಲಬ್ಬಿನ ಬಾಗಿಲಿಗೂ ಬರಬೇಡಿ ಎಂದು ಜುಲ್ಕಿಫ್ಲಿ ನನಗೆ ಬಹಳ ಮೃದುವಾಗಿ ಹೇಳಿದರು. ಅಷ್ಟು ಸಂತೋಷದಿಂದ ನಾನು ಯಾವ ಶಿಕ್ಷೆಯನ್ನೂ ಒಪ್ಪಿಕೊಂಡಿರಲಿಲ್ಲ. ರೋಟಿ ಮುರಿಯುತ್ತಾ ಅಂಕಲ್ ಕೇಳಿದರು, "ಕೊನೆಗೆ ಯಾವುದು ತಗೊಳ್ಳಲಿ?"

"ಹಸಿರು" ಎಂದೆ.

"ಅದು ದುಬಾರಿ ಲಾ."

"ಆದರೆ ಎಲ್ಲವೂ ಹಾರುತ್ತವೆ ಅಂಕಲ್. ಒಂದೂ ಉಳಿಯುವುದಿಲ್ಲ."

ಅವರು ಯಾವುದನ್ನೂ ಕೊಳ್ಳಲಿಲ್ಲ. ದುರಿಯನ್ ಮರಗಳ ಬುಡಕ್ಕೆ ಅಳಿಲು ಹತ್ತದಂತೆ ತಗಡು ಸುತ್ತಿಸಿದರು. ಅದರ ಪರೀಕ್ಷೆಗೆ ನನ್ನನ್ನು ಕರೆಯಲಿಲ್ಲ. ಸುಮಾ ಆ ಭಾನುವಾರ ಸಂಜೆಯೇ ನನ್ನ ಪ್ಯಾಂಟುಗಳ ಜೇಬುಗಳನ್ನೆಲ್ಲ ಹೊಲಿದು ಮುಚ್ಚಿಬಿಟ್ಟಳು. ಮರುದಿನ ಕಾರ್ಖಾನೆಯಲ್ಲಿ ಒಂದು ಕೆಟ್ಟ ಚಿಪ್ ಸಿಕ್ಕಿತು. ಕೈ ತಾನಾಗಿ ಜೇಬಿಗೆ ಹೋಯಿತು, ಹೊಲಿಗೆಗೆ ತಾಗಿ ನಿಂತಿತು. ಸುತ್ತ ಯಾರಿಗೂ ಕಾಣದ ಹಾಗೆ ನಾನು ಆ ಹೊಲಿಗೆಯನ್ನು ಒಮ್ಮೆ ಸವರಿಕೊಂಡೆ.