ಜಟಾಧಾರಿಯ ಮೇಲೆ ಹೊಟ್ಟೆಕಿಚ್ಚು

ಜನ ಪಕ್ಕದ ಮನೆಯವನ ಸ್ಕೂಟರ್ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾರೆ. ನನ್ನ ಹಣೆಬರಹ ನೋಡಿ, ನಾನು ಒಂದು ಕ್ಯಾಸೆಟ್ಟಿನ ಮೇಲೆ ಉರಿದೆ. ಇಂಥವು ನಮ್ಮ ಮನೆಯಲ್ಲಿ ಆಗುತ್ತಲೇ ಇರುತ್ತವೆ.

೧. ಬಾಡಿಗೆಯವನ ಕಾಣಿಕೆ

ಸಾಂಗಲಿಯಲ್ಲಿ ನಮ್ಮದು ಅರಿಶಿನದ ಅಡತಿ ಅಂಗಡಿ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ವ್ಯಾಪಾರ. ಮನೆಯ ಮಹಡಿಯಲ್ಲಿ ಆಫ್ರಿಕಾದ ಒಬ್ಬ ವಿದ್ಯಾರ್ಥಿ ಬಾಡಿಗೆಗಿದ್ದ. ವಿಶ್ರಾಮಬಾಗದ ಕಾಲೇಜು ಮುಗಿಸಿ ಊರಿಗೆ ಹೊರಟಾಗ ನನ್ನ ಹೆಂಡತಿಗೆ ರೆಗ್ಗೇ ಎಂಬ ಇಂಗ್ಲಿಷ್ ಹಾಡುಗಳ ಒಂದು ಕ್ಯಾಸೆಟ್ ಕೊಟ್ಟ. ಒಂದು ಬದಿಗೆ ಪ್ರೇಮದ ಹಾಡು, ಇನ್ನೊಂದು ಬದಿಗೆ ದೇವರ ಹಾಡು ಎಂದು ನನಗೆ ಬಿಡಿಸಿ ಹೇಳಿದ. ನಾನು ಮನೆಯಲ್ಲಿ ಎರಡೂ ಬದಿಗೆ ದೇವರ ಹಾಡೇ ಎಂದೆ. ಅವಳು ದಿನಾ ಸಂಜೆ ತಲೆದೂಗುತ್ತ ಕೇಳಿದ್ದು ಮಾತ್ರ ಮೊದಲನೇ ಬದಿಯನ್ನೇ.

೨. ದೇವರ ಜಗಲಿ

ಕವರಿನ ಮೇಲೆ ಹಾಡುಗಾರನ ಫೋಟೋ ಇತ್ತು. ಭುಜದ ತನಕ ಜಟೆ, ಗಡ್ಡ, ಮುಚ್ಚಿದ ಕಣ್ಣು. ಅವ್ವ ಅದನ್ನು ನೋಡಿದವಳೇ ಕೈಮುಗಿದು, "ಯಾವ ಮಠದ ಅಜ್ಜಾರಪಾ ಇವರು?" ಎಂದಳು. ನಾನು ಬಾಯಿ ತೆರೆಯುವುದರೊಳಗೆ ವಿಭೂತಿ ಹಚ್ಚಿ ಶಿವನ ಪಕ್ಕ ಇಟ್ಟೂಬಿಟ್ಟಿದ್ದಳು. ಯಾವನ ಮುಖ ಕಂಡರೆ ಮೈ ಉರಿಯುತ್ತಿತ್ತೋ, ಅವನಿಗೇ ದಿನಾ ಬೆಳಿಗ್ಗೆ ಊದಿನಕಡ್ಡಿ ಬೆಳಗುವ ಕೆಲಸ ನನ್ನ ಪಾಲಿಗೆ ಬಂತು.

೩. ಸೋಮವಾರದ ಭಜನೆ

ಖಂಡೇರಾಜುರಿ ಹಳ್ಳಿಯಿಂದ ಅವ್ವನ ತಂಗಿ, ನಮ್ಮ ಮಾವಶಿ, ಬಂದಿದ್ದಳು. ಆ ಸೋಮವಾರ ಓಣಿಯ ಹೆಂಗಸರ ಭಜನೆಯಲ್ಲಿ ಅವ್ವ ಅದೇ ಕ್ಯಾಸೆಟ್ ಹಚ್ಚಿಸಿದಳು. ಹಾಡುಗಾರ ತನ್ನ ನಲ್ಲೆಗೆ ಮುತ್ತು ಕೇಳುತ್ತಿದ್ದ, ಮಾವಶಿ ತಾಳ ಹಾಕುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಂಗ್ಲಿಷ್ ತಿಳಿಯುತ್ತಿದ್ದವನು ನಾನೊಬ್ಬನೇ. ಮುಗಿದ ಮೇಲೆ ಮಾವಶಿ ಅರ್ಥ ಕೇಳಿದಳು. ಒಮ್ಮೆ ದರ್ಶನ ಕೊಡು ಎಂದು ದೇವರನ್ನು ಬೇಡುತ್ತಾನೆ ಎಂದೆ.

"ಅದಕ್ಕ ನೋಡ, ಎದ್ಯಾಗ ನಟ್ಟಂಗ ಆತು. ನಿನ್ನ ಕಾಕಾ ಇಷ್ಟ ವರ್ಷ ಪೂಜಿ ಮಾಡ್ಯಾರ, ಒಮ್ಮೆರ ಹಿಂಗ ಕರದಾರೇನ?"

ಕಾಕಾ, ಅಂದರೆ ಅವಳ ಗಂಡ, ಯಾರನ್ನೂ ಹಾಗೆ ಕರೆದಿರಲಿಕ್ಕಿಲ್ಲ ಎಂದು ನನಗೂ ಅನ್ನಿಸಿತು.

೪. ಕಾವಲು

ಮೊದಲೆಲ್ಲ ಅರಿಶಿನದ ಲಿಲಾವು, ಅಂದರೆ ಹರಾಜು, ಮುಗಿದರೆ ನಾನು ಸೊಸೈಟಿಯ ಕಟ್ಟೆಗೆ ಕೂತು, ಸಕ್ಕರೆ ಕಾರ್ಖಾನೆಯ ಚುನಾವಣೆಯನ್ನು ಬಾಯಲ್ಲೇ ಗೆದ್ದು, ಊಟದ ಹೊತ್ತಿಗೆ ಮನೆ ಮುಟ್ಟುತ್ತಿದ್ದೆ. ಈಗ ಅಂಗಡಿಯಲ್ಲಿ ಮನಸ್ಸೇ ನಿಲ್ಲದು. ದೀಪ ಹಚ್ಚುವ ಮೊದಲೇ ಬಂದು ಟೇಪಿನ ಎದುರು ಕೂತು, ಹೆಂಡತಿ ಯಾವ ಹಾಡಿಗೆ ನಗುತ್ತಾಳೆಂದು ಕಾಯುತ್ತಿದ್ದೆ. ಎರಡು ತಿಂಗಳು ತಡೆದೆ. ಕೊನೆಗೆ ಕೇಳಿಯೇಬಿಟ್ಟೆ, ನನ್ನಲ್ಲಿ ಇಲ್ಲದ್ದು ಆ ಜಟೆಯವನಲ್ಲಿ ಏನಿದೆ ಅಂತ.

ಅವಳು ಚಹಾ ನನ್ನ ಮುಂದಿಟ್ಟಳು.

"ಅವನ ಹಾಡು ನನಗೇನ ತಿಳೀತೈತ್ರಿ? ಇದನ್ನ ಹಚ್ಚಾಕ ಹತ್ತಿದಾಗಿಂದ ನೀವು ಸಂಜಿಗೆ ಲಗೂನ ಮನಿಗೆ ಬರಾಕತ್ತೀರಿ," ಎಂದಳು. "ಮಿರಜ ಪ್ಯಾಟ್ಯಾಗ ಇಂಥಾದ್ದ ಇನ್ನೊಂದು ಸಿಕ್ಕರ ತರ್ರಿ. ಮಧ್ಯಾಹ್ನ ಊಟಕ್ಕೂ ಬರ್ತೀರಿ."