ಸೈಕಲ್ಲಿನ ಬೀಬಿ, ಹೆಂಡತಿಯ ಬಾವ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಸಂಗ ಹೇಗೆ ಶುರುವಾಯಿತು ಎಂಬುದರ ಬಗ್ಗೆ ನನಗೆ ಖಾತ್ರಿಯಿಲ್ಲ. "ಗಂಗಾಧರ ಬಾವ ಇದ್ದಿದ್ರೆ ಇಷ್ಟೊತ್ಗೆ ಸರಿ ಮಾಡಿರೋರು" ಎಂದು ನನ್ನ ಹೆಂಡತಿ ಶೈಲಜ ಹೇಳಿದಳು, ಹೇಳಿ ನಿಟ್ಟುಸಿರು ಬಿಟ್ಟಳು ಎಂಬುದು ನನ್ನ ನೆನಪು. ತಾನು ಅಂದದ್ದು "ಬಾವಂಗೆ ಗೊತ್ತಿರಬೋದು" ಎಂದಷ್ಟೇ, ನಿಟ್ಟುಸಿರು ಬಿಟ್ಟಿದ್ದರೆ ಅದು ಸೈಕಲ್ಲನ್ನು ಮೆಟ್ಟಿಲು ಹತ್ತಿಸಿದ ಸುಸ್ತಿಗೆ ಎಂಬುದು ಅವಳ ವಾದ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಈಗ ಮಧುಗಿರಿಯ ಕಾಲೇಜಿನಲ್ಲಿ ಹುಡುಗರನ್ನು "ಆಧಾರ ಏನು?" ಎಂದು ಪೀಡಿಸುವವನು ನಾನು. ಕಲ್ಲಿನ ಮೇಲೆ ಕೊರೆದ ಶಾಸನವನ್ನೇ ಅನುಮಾನಿಸುವವನಿಗೆ ಸ್ವಂತ ಕಿವಿಯ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಆದರೆ ಹೊಟ್ಟೆಕಿಚ್ಚು ಆಧಾರಕ್ಕಾಗಿ ಕಾಯುವುದಿಲ್ಲ. ಅದು ಅವತ್ತು ಸಂಜೆಯೇ ಬಂದು ಕೂತಿತು.

ಗಂಗಾಧರ ಬಾವ ಎಂದರೆ ಅವಳ ಸೋದರತ್ತೆಯ ಮಗ, ಸಿರಾ ತಾಲ್ಲೂಕಿನ ತಾವರೆಕೆರೆಯವರು. ನಮ್ಮ ಕಡೆ ಸೋದರತ್ತೆಯ ಮಗ ಎಂದರೆ ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಟವೆಲ್ಲು ಹಾಕಿದವನಿದ್ದಂತೆ. ಜಾತಕ ಕೂಡಲಿಲ್ಲವೋ, ದೊಡ್ಡವರ ಮಾತು ಕೂಡಲಿಲ್ಲವೋ, ಅವರು ಟವೆಲ್ಲು ತೆಗೆದುಕೊಂಡು ಇಳಿದುಹೋದರು, ನಾನು ಹತ್ತಿ ಕೂತೆ. ಅವರಿಗೆ ಲಲಿತಕ್ಕನಂಥ ಒಳ್ಳೆಯ ಹೆಂಡತಿ ಇದ್ದಾರೆ, ಮದುವೆಗೆ ಬಂದ ಮಗಳಿದ್ದಾಳೆ. ಇಷ್ಟಾದರೂ ನಮ್ಮ ಮನೆಯಲ್ಲಿ ಒಂದು ಮೊಳೆ ಸಡಿಲವಾದರೂ ಅವರ ಹೆಸರು ಬರುತ್ತದೆ. ನನ್ನ ಹೆಸರು ಬರುವುದು ಗ್ಯಾಸ್ ಬುಕ್ ಮಾಡುವಾಗ ಮಾತ್ರ.

ಸೈಕಲ್ಲು ಶೈಲಜಳದು. ತವರಿನಿಂದ ಜೊತೆಗೆ ಬಂದದ್ದು. ಈಗಲೂ ಅಂಗನವಾಡಿಗೆ ಅದರಲ್ಲೇ ಹೋಗುತ್ತಾಳೆ. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಅದು ಎರಡು ಸಲ ಸದ್ದು ಮಾಡತೊಡಗಿತ್ತು. ಬೇರೆಯವರಿಗೆ ಅದು ಟೊಕ್, ಟೊಕ್ ಎಂದು ಕೇಳಿಸುತ್ತಿದ್ದಿರಬೇಕು. ನನಗೆ ಮಾತ್ರ ಸ್ಪಷ್ಟವಾಗಿ "ಬಾ... ವ, ಬಾ... ವ" ಎಂದೇ ಕೇಳಿಸುತ್ತಿತ್ತು. ಬೆಳಿಗ್ಗೆ ಅವಳು ಗೇಟು ದಾಟಿ ಬೀದಿಯ ತಿರುವಿನವರೆಗೆ ಹೋಗುವಷ್ಟು ಹೊತ್ತೂ ಆ ನಾಮಸ್ಮರಣೆ ಕೇಳುತ್ತಾ ನಾನು ಷೇವ್ ಮಾಡಿಕೊಳ್ಳಬೇಕಿತ್ತು. ಇದರ ಮೇಲೆ, ಮಗಳ ಲಗ್ನಪತ್ರಿಕೆ ಕೊಡಲು ಬಾವ ದಂಪತಿ ಭಾನುವಾರ ಬರುತ್ತಾರೆ ಎಂದು ಫೋನು ಬಂತು. "ಹಂಗೇ ಇರ್ಲಿ ಬುಡಿ, ಬಾವ ಬಂದಾಗ ನೋಡ್ತಾರೆ" ಎಂದಳು ಶೈಲಜ. ಹೀಗೆ ಅಂದದ್ದನ್ನು ಅವಳೂ ಒಪ್ಪುತ್ತಾಳೆ. ಅವರು ನಮ್ಮ ಮನೆಗೆ ಬಂದು, ನಮ್ಮ ಅಂಗಳದಲ್ಲಿ ಪಂಚೆ ಮೇಲೆ ಕಟ್ಟಿ ಸೈಕಲ್ಲು ಸರಿಮಾಡಿ, ಅವಳು ಅವರಿಗೆ ಕೈತೊಳೆಯಲು ನೀರು ಕೊಡುವ ದೃಶ್ಯ ನನ್ನ ಕಣ್ಣಮುಂದೆ ಬಂತು. ಭಾನುವಾರದೊಳಗೆ ಸದ್ದು ನಿಲ್ಲಿಸಲೇಬೇಕು, ನಾನೇ ನಿಲ್ಲಿಸಬೇಕು ಎಂದು ತೀರ್ಮಾನಿಸಿದೆ.

ಸೈಕಲ್ಲನ್ನು ತಳ್ಳಿಕೊಂಡು ಅನ್ವರ್ ಸಾಬರ ಸೈಕಲ್ ಅಂಗಡಿಗೆ ಹೋದೆ. ಅವರು ಪೆಡಲನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ, ವೈದ್ಯರ ಗಾಂಭೀರ್ಯದಲ್ಲಿ, "ಬೀಬಿ ಸವೆದೋಗೈತೆ ಸಾರ್. ರಿಪೇರಿ ಆಗಾಕಿಲ್ಲ, ಬದಲಾಯಿಸಬೇಕು" ಎಂದರು. ನಾನು ಒಂದು ಕ್ಷಣ ಬೆಚ್ಚಿದೆ. ಎರಡು ಪೆಡಲುಗಳ ನಡುವೆ, ಚೌಕಟ್ಟಿನ ಕೊಳವೆಯೊಳಗೆ ಕೂತು ತಿರುಗುವ ಅಚ್ಚಿಗೆ ಅಂಗಡಿಗಳಲ್ಲಿ ಬಿ.ಬಿ. ಎನ್ನುತ್ತಾರಂತೆ. ಸಿರಾದಿಂದ ಬಂದು ನೆಲೆಸಿದ ಸಾಬರ ಬಾಯಲ್ಲಿ ಅದು ಬೀಬಿ. ಅವರ ಮನೆಮಾತಿನಲ್ಲಿ ಆ ಪದಕ್ಕೆ ಹೆಂಡತಿ ಎಂದರ್ಥ ಎಂಬುದು ಅವರನ್ನು ಯಾವತ್ತೂ ಬಾಧಿಸಿದಂತಿಲ್ಲ. ಬಿಚ್ಚಿ ಹಾಕಿಕೊಡುತ್ತೇನೆ ಎಂದರು. ಬೇಡ, ಸಾಮಾನು ಕೊಡಿ, ಮನೆಯಲ್ಲಿ ನಾನೇ ಹಾಕಿಕೊಳ್ಳುತ್ತೇನೆ ಎಂದೆ. ಸಾಬರು ನನ್ನ ಕೈಬೆರಳುಗಳನ್ನು ನೋಡಿದರು, ಆಮೇಲೆ ಅಚ್ಚು, ಅದರ ಎರಡೂ ತುದಿಗೆ ತಿರುಪಿ ಕೂರಿಸುವ ಬಟ್ಟಲಿನಂಥ ಎರಡು ಕಪ್ಪು, ಒಂದು ಪೊಟ್ಟಣ ಉಕ್ಕಿನ ಗುಂಡು, ಒಂದು ಎರವಲು ಸ್ಪ್ಯಾನರು ಕೊಟ್ಟರು.

ಮನೆಗೆ ಬಂದು ಉತ್ಸಾಹದಲ್ಲಿ, "ಶೈಲಾ, ಹಳೇ ಬೀಬಿ ಸವೆದಿದೆಯಂತೆ, ಹೊಸದು ತಂದಿದ್ದೀನಿ" ಎಂದು ಕೂಗಿದೆ. ಅವಳು ಒಗ್ಗರಣೆಯ ಸೌಟು ಹಿಡಿದೇ ಹೊರಗೆ ಬಂದಳು. "ಎಲ್ಲವ್ಳೆ? ಒಳಕ್ಕೆ ಕರೀರಿ. ಅನ್ನಕ್ಕೆ ಇಟ್ಟು, ನಿಮ್ ಷರಟಿಗೆ ಇಸ್ತ್ರಿ ಹಾಕ್ಲಿ. ನಂಗೂ ಒಸಿ ಪುರುಸೊತ್ತಾಗ್ತದೆ."

ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದೆ. ಎಡಗಡೆಯ ಕಪ್ಪು ಆಶ್ಚರ್ಯವಾಗುವಷ್ಟು ಸುಲಭವಾಗಿ ಬಂತು, ಅದರ ಹಿಂದೆಯೇ ಹಳೆಯ ಗುಂಡುಗಳೂ ಬಂದವು, ಗಾಬರಿಯಲ್ಲಿ ನಾನು ಕೈಬಿಟ್ಟ ಪೊಟ್ಟಣದ ಹೊಸ ಗುಂಡುಗಳೂ ಸೇರಿದವು. ಎಲ್ಲವೂ ಉರುಳಿಕೊಂಡು ಅಂಗಳದಲ್ಲಿ ಒಣಹಾಕಿದ್ದ ಕಡ್ಲೆಕಾಯಿ ರಾಶಿಯೊಳಗೆ ಮಾಯವಾದವು. ಶೈಲಜ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಲೆಕಾಯಿ ಸರಿಸಿ ಹುಡುಕತೊಡಗಿದಳು. ಸಿಕ್ಕ ಗುಂಡನ್ನೆಲ್ಲ ಸೆರಗಿಗೆ ಒರೆಸಿ ನನ್ನ ಅಂಗೈಗೆ ಹಾಕುತ್ತಾ, ಬಡಿಸುವಾಗ ಹಲ್ಲು ಹುಷಾರು ಎಂದು ನೆಂಟರಿಗೆ ಹೇಳಬೇಕಾಗುತ್ತದೆ ಎಂದು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅಥವಾ ದಿನವೂ ನಗುತ್ತಿದ್ದಳೋ, ನಾನು ಸೈಕಲ್ಲಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆನೋ, ತಿಳಿಯದು. ಇನ್ನಷ್ಟು ಗುಂಡು ಕಳೆದಿದ್ದರೆ ಚೆನ್ನಾಗಿತ್ತು ಎನಿಸಿತು.

ಬಲಗಡೆಯ ಕಪ್ಪು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೈಭಾರವನ್ನೆಲ್ಲ ಸ್ಪ್ಯಾನರಿನ ಮೇಲೆ ಬಿಟ್ಟು ತಿರುಗಿಸುತ್ತಿದ್ದಾಗ ಗೇಟು ಕಿರ್ರೆಂದಿತು. ಬಾವ, ಲಲಿತಕ್ಕ. ನನ್ನ ಮುಖದಲ್ಲಿ ಗ್ರೀಸು, ಸೈಕಲ್ಲಿನ ಕರುಳು ಹೊರಗೆ. ಇನ್ನು ಅವರು ಪಂಚೆ ಮೇಲೆ ಕಟ್ಟುತ್ತಾರೆ ಎಂದು ಕಾದೆ. ಅವರು ಕೈಯನ್ನು ಬೆನ್ನಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ, "ಇದನ್ನೆಲ್ಲ ಬಿಚ್ತಾರಾ ಮೇಷ್ಟ್ರೇ? ನಂಗೆ ಚೈನು ಕಳಚಿದ್ರೆ ಹಾಕಕ್ಕಷ್ಟೇ ಬರೋದು" ಎಂದರು.

ನಾನು ಸ್ಪ್ಯಾನರನ್ನು ಮತ್ತೆ ಕಪ್ಪಿಗೆ ಸಿಕ್ಕಿಸಿದೆ. ಅಷ್ಟರಲ್ಲಿ ಶೈಲಜ ಲಲಿತಕ್ಕನಿಗೆ ಹೇಳಿದಳು, ಇದಕ್ಕೆ ಅವರೇ ಸಾಕ್ಷಿ: "ನಮ್ಮನೆಯವ್ರು ಹಂಗೇ ಕಣಕ್ಕ. ಅಂಗಡಿಗೆ ಕೊಡಾಕಿಲ್ಲ, ಎಲ್ಲಾ ಅವ್ರೇ ಮಾಡ್ಬೇಕು." ಲಲಿತಕ್ಕ ಗಂಡನ ಕಡೆ ತಿರುಗಿದರು. "ನೋಡ್ಕಳಿ. ಹೆಂಡ್ತಿ ಸೈಕಲ್ಲಿಗೆ ಅಂತ ಮೇಷ್ಟ್ರು ಮೈಯೆಲ್ಲ ಮಸಿ ಮಾಡ್ಕಂಡವ್ರೆ. ನಮ್ಮನೇಲಿ ಮಿಕ್ಸಿ ಕೆಟ್ಟು ಯಾವ ಕಾಲ ಆಯ್ತು?" ಬಾವ ನನ್ನನ್ನು ನೋಡಿದರು. ಆ ನೋಟ ನನಗೆ ಪರಿಚಿತವಾದದ್ದು. ಷೇವ್ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದುದು. ಊಟಕ್ಕೆ ಕೂತಾಗ ಅವರು ಸೈಕಲ್ಲಿನ ವಿಷಯ ಎತ್ತಲಿಲ್ಲ, ಎರಡನೇ ಸಲ ಪಾಯಸವನ್ನೂ ಹಾಕಿಸಿಕೊಳ್ಳಲಿಲ್ಲ.

ಅವರು ಹೊರಟ ಮೇಲೆ ಸೈಕಲ್ಲನ್ನು ಆಟೋದಲ್ಲಿ ಹಾಕಿಕೊಂಡು ಅನ್ವರ್ ಸಾಬರಲ್ಲಿಗೆ ಒಯ್ದೆ. ಅವರು ಸ್ಪ್ಯಾನರು ಇಟ್ಟು, ನಾನು ತಿರುಗಿಸುತ್ತಿದ್ದುದರ ವಿರುದ್ಧ ದಿಕ್ಕಿಗೆ ತಿರುಗಿಸಿದರು. ಬಲಗಡೆಯದು ಉಲ್ಟಾ ಅಂತೆ. ನಾನು ಅಷ್ಟು ಹೊತ್ತೂ ಅದನ್ನು ಬಿಗಿ ಮಾಡುತ್ತಿದ್ದೆನಂತೆ. ಸಂಜೆಗೆ ಸೈಕಲ್ಲು ಮೌನವಾಯಿತು.

ಕೆಲವು ದಿನಗಳ ಮೇಲೆ ಶೈಲಜ ಫೋನಿಟ್ಟು, ಬಾವ ಅದ್ಯಾಕೋ ತಮ್ಮ ಅಪ್ಪನ ಕಾಲದ ಸೈಕಲ್ಲು ಬಿಚ್ಚಿ ಕೂತಿದ್ದಾರಂತೆ, ಮಗಳ ಮದುವೆ ಓಡಾಟ ಬಿಟ್ಟು ಇದೇನು ಹುಚ್ಚು ಎಂದು ಲಲಿತಕ್ಕ ಬೈಯುತ್ತಿದ್ದಾರೆ ಎಂದಳು. ಹಾಗೆ ಹೇಳಿದಳೆಂದು ನನ್ನ ನೆನಪು. ಆದರೆ ಕೇಳಿದ ಮಾತನ್ನು ಆಧಾರವೆಂದು ಒಪ್ಪುವವನು ನಾನಲ್ಲ. ರಜೆ ಹಾಕಿ, ಸಿರಾ ಕೋಟೆ ನೋಡಿ ಬರುತ್ತೇನೆಂದು ಹೇಳಿ, ಬಸ್ಸು ಬದಲಿಸಿ ತಾವರೆಕೆರೆಗೆ ಹೋದೆ. ಬಾವನ ಮನೆಯ ಜಗಲಿಯಲ್ಲಿ ಕೂತು, ಲಲಿತಕ್ಕ ಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದೆ. ಏನೂ ಹೇಳಲಿಲ್ಲ. ಈ ಬರಹದಲ್ಲಿ ಉಳಿದದ್ದೆಲ್ಲ ಹೆಚ್ಚುಕಮ್ಮಿ ಇರಬಹುದು, ಇದೊಂದನ್ನು ಮಾತ್ರ ನಾನು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡಿದ್ದೇನೆ: ಬಲಗಡೆಯ ಕಪ್ಪನ್ನು ಬಾವ, ಹಣೆಯಲ್ಲಿ ಬೆವರಿಳಿಸುತ್ತಾ, ಬಿಗಿ ಮಾಡುತ್ತಿದ್ದರು.