ಮಸ್ಕಿಯ ಝೆರಾಕ್ಸ್ ಅಂಗಡಿಯಿಂದ ಅಮೆರಿಕಕ್ಕೆ ಸಲಹೆ

ಪಾಸ್‌ಪೋರ್ಟ್ ಝೆರಾಕ್ಸ್ ಮಾಡಿಸಲು ಬಂದವರು ಪಾಸ್‌ಪೋರ್ಟನ್ನೇ ಮರೆತು ಹೋದರೂ ಹೋದಾರು, ನನ್ನ ಹತ್ತಿರ ಸಲಹೆ ಕೇಳದೆ ಮಾತ್ರ ಹೋಗುವುದಿಲ್ಲ. ತಿಂಗಳಿಗೊಬ್ಬರಾದರೂ ಬಂದು ಕೌಂಟರಿನ ಮೇಲೆ ಮೊಳಕೈ ಊರಿ, "ಅಲ್ಲಿ ಹ್ಯಾಂಗಿರಬೇಕ್ರೀ? ನೀವು ಇದ್ದು ಬಂದೀರಲ್ಲ" ಅನ್ನುತ್ತಾರೆ.

ಇದ್ದು ಬಂದದ್ದು ನಿಜ. ನನ್ನ ಹೆಂಡತಿ ಲಿಂಗಸುಗೂರಿನವಳು, ನರ್ಸು. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತ ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಅಮೆರಿಕದ ಆಸ್ಪತ್ರೆಗೆ ಆಯ್ಕೆಯಾದಳು. ನಾನು ಮಸ್ಕಿ ಬಸ್‌ಸ್ಟ್ಯಾಂಡ್ ಎದುರಿನ ಈ ಅಂಗಡಿಯ ಶಟರ್ ಎಳೆದು ಅವಳ ಹಿಂದೆ ಹೋದೆ. ಅವಳದು ಕೆಲಸದ ವೀಸಾ, ನನ್ನದು ಗಂಡನ ವೀಸಾ. ನನ್ನಂಥ ಗಂಡಂದಿರು ಅಲ್ಲಿ ದುಡಿಯುವಂತಿಲ್ಲ. ನಾನು ದುಡಿಯುವ ಪೈಕಿ ಅಲ್ಲ ಅಂತ ನಮ್ಮಪ್ಪ ಮೊದಲಿಂದಲೂ ಬಾಯಲ್ಲಿ ಹೇಳುತ್ತಿದ್ದ, ಅಮೆರಿಕ ಸರಕಾರ ಅದನ್ನೇ ಕಾಗದದ ಮೇಲೆ ಬರೆದು ಕೊಟ್ಟಿತು.

ನಾಲ್ಕು ವರ್ಷ ಇದ್ದೆವು. ಅತ್ತೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ವಾಪಸ್ ಬಂದೆವು. ನಾವಿದ್ದದ್ದು ದೊಡ್ಡ ಶಹರದ ಆಚೆಗಿನ ಒಂದು ಊರು. ಅಲ್ಲಿ ಮನೆಗಳು ಸಾಲಾಗಿ ನಿಂತಿರುತ್ತವೆ, ಮನುಷ್ಯರು ಕಾರಿನಲ್ಲಿರುತ್ತಾರೆ. ಅಲ್ಲಿನವರ ಮಾತನ್ನೆಲ್ಲ ನಾನಿಲ್ಲಿ ನಮ್ಮ ಕನ್ನಡದಲ್ಲೇ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಅವರು ಏನಂದರು ಅಂತ ನನಗೆ ಆವಾಗಲೂ ಪೂರ್ತಿ ಗೊತ್ತಿರಲಿಲ್ಲ.

ನಡೆಯುವುದು

ಹೋದ ಎರಡನೇ ವಾರ ಮನೆಯಲ್ಲಿ ಅಕ್ಕಿ ತೀರಿತು. ಕಾರು ಹೆಂಡತಿ ಜತೆ ಡ್ಯೂಟಿಗೆ ಹೋಗಿತ್ತು. ಅಂಗಡಿ ಎಷ್ಟು ದೂರ ಅಂತ ಫೋನಿನಲ್ಲಿ ನೋಡಿದೆ. ಮಸ್ಕಿಯಲ್ಲಿ ನಾವು ಬೆಳಿಗ್ಗೆ ಬೆಟ್ಟ ಹತ್ತಿ ಇಳಿಯುವಷ್ಟೂ ಇರಲಿಲ್ಲ. ನಡೆದೆ. ಚೀಲ ಕೊಂಡೆ, ಹೆಗಲಿಗೆ ಹಾಕಿಕೊಂಡು ತಿರುಗಿ ಹೊರಟೆ.

ಒಂದು ಕಾರು ಪಕ್ಕಕ್ಕೆ ನಿಂತಿತು. ಒಳಗಿದ್ದ ಹೆಣ್ಣುಮಗಳು, "ಬರ್ತೀರೇನು, ಬಿಡ್ತೀನಿ" ಅಂದಳು. ನಮ್ಮಲ್ಲಿ ಟಂಟಂ ಆಟೋದವರು ಕರೆಯುವ ಹಾಗೇ ಇತ್ತು. "ಎಷ್ಟು ತಗೋತೀರಿ?" ಅಂದೆ. ಅವಳು ಗಾಬರಿಯಾಗಿ ಗಾಜು ಏರಿಸಿ ಹೋಗಿಯೇಬಿಟ್ಟಳು. ಸ್ವಲ್ಪ ಹೊತ್ತಿಗೆ ಪೊಲೀಸ್ ಗಾಡಿ ಬಂತು.

"ಗಾಡಿ ಕೆಟ್ಟಿತೇನು?" ಪೊಲೀಸ್ ಕೇಳಿದ.

"ಇಲ್ರೀ, ಗಾಡಿ ಇಲ್ಲ."

"ಮತ್ತೆ?"

"ನಡಕೋತ ಹೊಂಟೀನಿ."

"ಯಾಕೆ?"

ಹುಟ್ಟಿದಾಗಿನಿಂದ ನಡೆದಿದ್ದೇನೆ, ಯಾಕೆ ಅಂತ ಒಬ್ಬರೂ ಕೇಳಿರಲಿಲ್ಲ. ಚೀಲ ಕೆಳಗಿಳಿಸಿ ಬೆವರು ಒರೆಸಿಕೊಂಡೆ. ಬೆವತದ್ದನ್ನು ನೋಡಿ ಅವನಿಗೆ ನನ್ನ ಆರೋಗ್ಯದ ಬಗ್ಗೆ ಚಿಂತೆಯಾಯಿತು. ನನ್ನನ್ನೂ ಅಕ್ಕಿ ಚೀಲವನ್ನೂ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಮನೆಯ ತನಕ ಬಿಟ್ಟ. ಅದೇ ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ಹೆಂಡತಿ, ಪೊಲೀಸ್ ಗಾಡಿಯಿಂದ ಇಳಿಯುತ್ತಿದ್ದ ನನ್ನನ್ನು ನೋಡಿ ಕಾರಿನ ಬಾಗಿಲು ತೆರೆದಿಟ್ಟೇ ಓಡಿ ಬಂದಳು.

"ಏನ್ ಮಾಡಿ ಸಿಕ್ಕೀರಿ?"

"ಅಕ್ಕಿ ತಂದೆ" ಅಂದೆ.

ಆರಾಮೇನು?

ಅಲ್ಲಿ ಎಲ್ಲರೂ ಎಲ್ಲರನ್ನೂ "ಹೇಗಿದ್ದೀರಿ?" ಅಂತ ಕೇಳುತ್ತಾರೆ. ಕೇಳುವುದಷ್ಟೇ ಅವರ ಕೆಲಸ. ಇದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ.

ಕಿರಾಣಿ ಅಂಗಡಿಯಲ್ಲಿ ಬಿಲ್ ಮಾಡುವಾಕೆ ಅರವತ್ತು ದಾಟಿದ ಹೆಣ್ಣುಮಗಳು. ನನ್ನ ಉಳ್ಳಾಗಡ್ಡಿ ತೂಗುತ್ತ, "ಹೇಗಿದ್ದೀರಿ?" ಅಂದಳು. ಪರದೇಶದಲ್ಲಿ ನನ್ನನ್ನು ವಿಚಾರಿಸಿದ ಮೊದಲ ಜೀವ. ಬೆನ್ನುನೋವಿನಿಂದ ಶುರು ಮಾಡಿದೆ. ನಿದ್ದೆ ಬರದ್ದು, ಹೆಂಡತಿಯ ರಾತ್ರಿಪಾಳಿ, ಜೋಳದ ಹಿಟ್ಟು ಸಿಗದ್ದು, ಗೋಧಿ ತಿಂದು ಹೊಟ್ಟೆ ಕಟ್ಟಿದ್ದು, ಎಲ್ಲ ಹೇಳಿದೆ. ಬರದ ಇಂಗ್ಲಿಷಿಗೆ ಕೈಸನ್ನೆ ಸೇರಿಸಿದೆ.

ಆಕೆ ಉಳ್ಳಾಗಡ್ಡಿ ಕೆಳಗಿಟ್ಟಳು. ಕಣ್ಣಲ್ಲಿ ನೀರು. "ಎಷ್ಟೋ ವರ್ಷದಿಂದ ಈ ಮಾತು ಕೇಳ್ತಿದ್ದೀನಿ. ಉತ್ತರ ಕೊಟ್ಟೋರು ನೀವೇ ಮೊದಲು" ಅಂದವಳು ತನ್ನ ಮಂಡಿಯ ಕಥೆ ತೆಗೆದಳು. ಎಡ ಮಂಡಿ ಮುಗಿದು ಬಲ ಮಂಡಿಗೆ ಬರುವಷ್ಟರಲ್ಲಿ ನನ್ನ ಹಿಂದಿನ ಸಾಲು ಹಾಲಿನ ಕಪಾಟಿನ ತನಕ ಬೆಳೆದಿತ್ತು.

ಮ್ಯಾನೇಜರ್ ಬಂದ. ಬಹಳ ಸಭ್ಯ ಮನುಷ್ಯ. ನನ್ನ ಭುಜದ ಮೇಲೆ ಕೈಯಿಟ್ಟು ಮೂಲೆಗೆ ಕರೆದೊಯ್ದು, ನಾವೇ ಬಿಲ್ ಮಾಡಿಕೊಳ್ಳುವ ಯಂತ್ರ ತೋರಿಸಿದ.

"ಇನ್ನು ಮುಂದೆ ಇದರ ಹತ್ತಿರ ಬನ್ನಿ ಸಾರ್. ಇದು ಏನೂ ಕೇಳೋದಿಲ್ಲ."

ಪುಂಡಿಪಲ್ಲೆ

ನಾವು ಬಾಡಿಗೆಗಿದ್ದ ಮನೆಯ ಮುಂದೆ ಹುಲ್ಲು ಬೆಳೆಸಿದ್ದರು. ದನ ಇಲ್ಲ, ಕರ ಇಲ್ಲ, ಆದರೂ ಹುಲ್ಲಿಗೆ ನೀರು ಬಿಡಬೇಕು. ಬಿಟ್ಟರೆ ಬೆಳೆಯುತ್ತದೆ. ಬೆಳೆದರೆ ಕತ್ತರಿಸಬೇಕು. ಕತ್ತರಿಸಿದ್ದನ್ನು ಚೀಲಕ್ಕೆ ತುಂಬಿ ಕಸಕ್ಕೆ ಹಾಕಬೇಕು. ನಮ್ಮ ಸೀಮೆಯ ಎಡದಂಡೆ ಕಾಲುವೆಯ ಕಡೇ ಭಾಗದವರು ನೀರಿಗಾಗಿ ಬಡಿದಾಡುವುದನ್ನು ನೋಡಿ ಬೆಳೆದ ನನಗೆ ಈ ಪಾಪ ತಡೆಯಲಾಗಲಿಲ್ಲ. ಒಂದು ಮೂಲೆ ಅಗೆದು, ಅತ್ತೆ ಕೊಟ್ಟು ಕಳಿಸಿದ್ದ ಪುಂಡಿ ಸೊಪ್ಪಿನ ಬೀಜ ಹಾಕಿದೆ. ಸೊಂಟದ ಮಟ ಬಂತು.

ಹಿಂದೆಯೇ ಬಡಾವಣೆಯ ಸಂಘದಿಂದ ಕಾಗದ ಬಂತು. "ನಿಮ್ಮ ಮನೆಯ ಮುಂದೆ ಕಳೆ ಬೆಳೆದಿದೆ. ತೆಗೆಯಿರಿ."

ಕಳೆ! ಅತ್ತೆಗೆ ಇದನ್ನು ಹೇಳಿದ್ದರೆ ಮುಂದಿನ ವಿಮಾನಕ್ಕೆ ಬಂದು ಜಗಳ ತೆಗೆಯುತ್ತಿದ್ದಳು. ಹೆಂಡತಿ, "ಸುಮ್ನ ಕಿತ್ತು ಒಗೀರಿ, ಮನಿ ಖಾಲಿ ಮಾಡಸ್ತಾರ" ಅಂದಳು. ನಾನು ಕೀಳಲಿಲ್ಲ. ಪರಿಶೀಲನೆಗೆ ಸಂಘದ ಅಧ್ಯಕ್ಷೆಯೇ ಬಂದಳು, ಕೈಯಲ್ಲಿ ಪಟ್ಟಿ, ಅಳತೆಯ ಟೇಪು. ನಾನು ಒಳಗೆ ಹೋಗಿ ಬಿಸಿ ಗೋಧಿ ರೊಟ್ಟಿಯ ಮೇಲೆ ಪುಂಡಿಪಲ್ಲೆ, ಅದರ ಮೇಲೆ ಹಸಿ ಎಣ್ಣೆ ಹಾಕಿ ತಂದು ಕೈಗಿತ್ತೆ. ಮೊದಲು ಬೆರಳ ತುದಿಯಲ್ಲಿ ಮುಟ್ಟಿದಳು. ಆಮೇಲೆ ಟೇಪು ಕೆಳಗಿಟ್ಟಳು. ಎರಡನೇ ರೊಟ್ಟಿಗೆ ಪಟ್ಟಿಯನ್ನೂ ಕೆಳಗಿಟ್ಟಳು.

ಮುಂದಿನ ವಾರ ಎರಡನೇ ಕಾಗದ ಬಂತು.

"ಕಳೆ ತೆಗೆಯಲೇಬೇಕು. ತೆಗೆಯುವ ದಿನ ಮೊದಲೇ ತಿಳಿಸಿ, ಚೀಲ ತರುತ್ತೇನೆ."

ಕೂಗುವ ಡಬ್ಬಿ

ಇದು ನನ್ನದಲ್ಲ, ನನ್ನ ಸಲಹೆಯ ಫಲ. ಸಿಂಧನೂರಿನ ಅಕ್ಕಿಗಿರಣಿಯವರ ಮನೆಯ ಅಮ್ಮನೊಬ್ಬರು ಮಗಳ ಬಾಣಂತನಕ್ಕೆ ಹೊರಟಿದ್ದರು. ಕಾಗದಪತ್ರದ ಪ್ರತಿ ತೆಗೆಸಲು ಇಲ್ಲಿಯ ತನಕ ಬಂದು, "ತಮ್ಮಾ, ಅಲ್ಲಿ ಒಂದೇ ಒಂದು ಮಾತು ನೆನಪಿಡಬೇಕಂದ್ರ ಯಾವುದು?" ಅಂದರು.

"ಅಮ್ಮಾರ, ಅಡಿಗಿಮನಿ ಮ್ಯಾಲಿನ ಡಬ್ಬಿ. ಒಗ್ಗರಣಿ ಹೊಗಿ ತಾಕಿತಂದ್ರ ಅದು ಕೂಗತದ. ಭಾಳ ಹೊತ್ತು ಕೂಗಿದ್ರ ಬೆಂಕಿ ಆರಸೋ ಗಾಡಿ ಬರತದ. ಹುಷಾರ್" ಅಂದೆ.

ಎರಡು ತಿಂಗಳಾದ ಮೇಲೆ ಫೋನ್ ಮಾಡಿದರು. ನಾನು ಹೇಳಿದ ಹಾಗೇ ಆಗಿತ್ತಂತೆ. ಮೆಣಸಿನಕಾಯಿ ಕರಿಯುವಾಗ ಡಬ್ಬಿ ಕೂಗಿತು, ಕೆಂಪು ಗಾಡಿ ಬಂತು, ಆರು ಜನ ಎತ್ತರದ ಗಂಡಸರು ಬಾಗಿಲಲ್ಲಿ ನಿಂತು, "ಅಮ್ಮಾ, ಆರಾಮಿದ್ದೀರೇನು?" ಅಂತ ಕೇಳಿದರು. ನನಗೆ ನಾಚಿಕೆಯಾಯಿತು.

"ತಪ್ಪಾತ್ರೀ ಅಮ್ಮಾರ, ಕಿಡಕಿ ತಗದು ಕರೀರಿ ಅಂತ ಹೇಳೋದು ಮರತೆ."

"ಅಯ್ಯ ತಮ್ಮಾ, ತಪ್ಪೇನು? ಮಗಳು ಕೂಸಿನ ಸಂಗಾಟ ಮಲಗಿರತಾಳ, ಅಳಿಯ ಕಂಪ್ಯೂಟರ್ ಮುಂದ. ಮೂರು ವಾರದಾಗ ನನ್ನ ಮಾತಾಡಿಸಿದವರು ಆ ಆರು ಮಂದಿನ. ಈಗ ಭಾಳ ಬ್ಯಾಸರ ಬಂತಂದ್ರ ಎರಡು ಮೆಣಸಿನಕಾಯಿ ಎಣ್ಣಿಗಿ ಬಿಡ್ತೀನಿ."

ಬಿಳಿ ಪಟ್ಟಿ

ವಾಪಸ್ ಬಂದ ಹೊಸದರಲ್ಲಿ ನನಗೇ ಸಲಹೆ ಬೇಕಾಗಿತ್ತು. ಸಿಂಧನೂರಿನ ದೊಡ್ಡ ವೃತ್ತದಲ್ಲಿ ಎದುರಿನ ಔಷಧಿ ಅಂಗಡಿಗೆ ಹೋಗಲು, ರಸ್ತೆ ದಾಟುವ ಬಿಳಿ ಪಟ್ಟಿಯ ಹತ್ತಿರ ನಿಂತೆ. ಅಮೆರಿಕದಲ್ಲಿ ಹಾಗೆ ನಿಂತರೆ ಗಾಡಿಗಳೆಲ್ಲ ತಾವಾಗಿ ನಿಲ್ಲುತ್ತವೆ. ಇಲ್ಲೂ ನಿಂತವು. ಮೊದಲು ರಾಯಚೂರು ಬಸ್ ನಿಂತು, "ಹತ್ರೀ ಲಗೂನ" ಅಂತ ಕಂಡಕ್ಟರ್ ಕೂಗಿದ. ಆಮೇಲೆ ಎರಡು ಟಂಟಂ. ಕಡೆಗೊಬ್ಬ ಆಟೋದ ಭಾಯಿ ತಲೆ ಹೊರಗೆ ಹಾಕಿ, "ಕ್ಯಾ ಸಾಬ್, ಆನಾ ಕಿ ನಕ್ಕೋ? ಬರ್ತೀರೋ ಇಲ್ಲೋ?" ಅಂದ. ನಾನು ರಸ್ತೆ ದಾಟಬೇಕಾಗಿದೆ ಅಂದೆ. ಎದುರಿಗೇ ಕಾಣುತ್ತಿದ್ದ ಆ ಅಂಗಡಿಯನ್ನೂ ನನ್ನನ್ನೂ ನೋಡಿ ಅವನಿಗೆ ಕನಿಕರ ಬಂತು.

"ಬೈಠೋ. ಇಪ್ಪತ್ತು ರೂಪಾಯಿಗೆ ದಾಟಿಸ್ತೀನಿ."

ಕೂತೆ. ಬೇರೆ ದಾರಿ ಇರಲಿಲ್ಲ.

ದಸರಾ

ಕಡೆಯದಾಗಿ ಇದು. ಇದನ್ನು ಕೌಂಟರಿನಲ್ಲಿ ಯಾರಿಗೂ ಹೇಳುವುದಿಲ್ಲ, ಹೆಂಡತಿ ಅಲ್ಲಿದ್ದರೆ ಅವಳೇ ಹೇಳಿಬಿಡುತ್ತಾಳೆ.

ನಮ್ಮಲ್ಲಿ ದಸರಾಕ್ಕೆ ಮೊದಲು ಮನೆಯ ಸಾಮಾನೆಲ್ಲ ಹೊರಗೆ ತೆಗೆದು, ತೊಳೆದು, ಬಿಸಿಲಿಗಿಡುವುದು ವಾಡಿಕೆ. ಅಲ್ಲಿಯೂ ದಸರಾ ಹತ್ತಿರ ಬಂತು. ಶನಿವಾರ. ಹೆಂಡತಿಗೆ ಹನ್ನೆರಡು ತಾಸಿನ ಡ್ಯೂಟಿ. ಅವಳು ಬರುವುದರೊಳಗೆ ಮನೆ ಫಳಫಳ ಮಾಡೋಣ ಅಂತ ಹಾಸಿಗೆ, ಹೊದಿಕೆ, ಪಾತ್ರೆ, ಸ್ಟೂಲು, ಎಲ್ಲ ತಂದು ಮನೆ ಮುಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಹರಡಿದೆ. ಎಲ್ಲಕ್ಕಿಂತ ಮುಂದೆ ಕೌದಿ ಹಾಸಿದೆ. ಅದು ಅತ್ತೆ ತನ್ನ ಹಳೆಯ ಇಳಕಲ್ ಸೀರೆಗಳನ್ನೆಲ್ಲ ಸೇರಿಸಿ ಮಗಳಿಗಾಗಿ ಹೊಲಿದದ್ದು. ರಾತ್ರಿಪಾಳಿ ಮುಗಿಸಿ ಬಂದರೆ ಹೆಂಡತಿ ಅದನ್ನು ಹೊದೆಯದೆ ಮಲಗುತ್ತಿರಲಿಲ್ಲ.

ಒಬ್ಬ ಅಜ್ಜಿ ಕಾರು ನಿಲ್ಲಿಸಿ ಇಳಿದಳು. ಕೌದಿಯ ಹೊಲಿಗೆಯ ಮೇಲೆ ಕೈಯಾಡಿಸಿದಳು. "ಅಬ್ಬಾ!" ಅಂದಳು. ಆಮೇಲೆ, "ಎಷ್ಟು?" ಅಂದಳು.

ಹೊಲಿಯಲು ಎಷ್ಟು ದಿನ ಹಿಡಿಯಿತು ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. ಎರಡು ತಿಂಗಳು ಹಿಡಿದಿತ್ತು. ಹೆಮ್ಮೆಯಿಂದ ಎರಡು ಬೆರಳು ತೋರಿಸಿ, "ಎರಡು" ಅಂದೆ.

ಆಕೆಗೆ ನಂಬಿಕೆಯೇ ಬರಲಿಲ್ಲ. "ಬರೀ ಎರಡಾ?" ಅಂದಳು.

"ನಮ್ಮತ್ತಿ ಕೈ ಭಾಳ ಚುರುಕು" ಅಂದೆ.

ನನ್ನ ಕೈಯಲ್ಲಿ ಎರಡು ಡಾಲರ್ ಇಟ್ಟಳು. ಮನೆಗೆ ಮೊದಲ ಸಲ ಬಂದವರು ಕೈಯಲ್ಲಿ ದುಡ್ಡಿಡುವುದು ನಮ್ಮಲ್ಲೂ ಉಂಟು. ಇವರಲ್ಲೂ ಎಂಥ ಸಂಸ್ಕಾರ ಅಂತ ಕಣ್ಣು ಮುಚ್ಚಿ ಕೈಮುಗಿದೆ. ಕಣ್ಣು ಬಿಡುವಷ್ಟರಲ್ಲಿ ಅಜ್ಜಿ ಕೌದಿಯೊಂದಿಗೆ ಕಾರಿನಲ್ಲಿದ್ದಳು. ಒಗೆದು ತರಲು ಒಯ್ದಳೇನೋ ಅಂದುಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಇನ್ನೂ ನಾಲ್ಕು ಕಾರು ನಿಂತಿದ್ದವು. ಒಬ್ಬ ಸ್ಟೂಲು ತೋರಿಸಿ "ಎಷ್ಟು?" ಅಂದ. ಎಷ್ಟು ವರ್ಷದ್ದು ಅಂತ ಕೇಳಿದ ಅಂದುಕೊಂಡು "ಒಂದು" ಅಂದೆ. ಒಂದು ಡಾಲರ್ ಕೊಟ್ಟು ಸ್ಟೂಲು ಒಯ್ದ. ಆವಾಗ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಅಲ್ಲಿ ಶನಿವಾರ ಮನೆ ಮುಂದೆ ಸಾಮಾನು ಹರಡಿದರೆ ಮಾರಲಿಕ್ಕಿಟ್ಟದ್ದು ಅಂತ ಲೆಕ್ಕ. ಸಾಮಾನೆಲ್ಲ ಒಳಗೆ ಎಳೆದು ಬಾಗಿಲು ಹಾಕಿಕೊಂಡು ಕೂತೆ.

ಹೆಂಡತಿ ಬಂದವಳು ಮನೆ ನೋಡಿ ಖುಷಿಪಟ್ಟಳು. ಕೈಕಾಲು ತೊಳೆದು ಮಂಚದ ಹತ್ತಿರ ಹೋದಳು.

"ಕೌದಿ ಎಲ್ಲ್ಯದ?"

ನಾನು ಎರಡು ಡಾಲರ್ ಅವಳ ಮುಂದೆ ಇಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸಮವಸ್ತ್ರದಲ್ಲೇ ಮಂಚದ ಮೇಲೆ ಕೂತು, ಗೋಡೆಯ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಎದ್ದು ನಡೆದೆ. ಅಜ್ಜಿಯ ಹಸಿರು ಕಾರು ಮಾತ್ರ ನೆನಪಿತ್ತು. ಓಣಿ ಓಣಿ ತಿರುಗಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಮನೆಯ ಮುಂದೆ ಅದು ಸಿಕ್ಕಿತು. ಬಾಗಿಲು ಬಡಿದೆ. ಒಳಗಿನ ಗೋಡೆಯ ಮೇಲೆ ದೇವರ ಪಟದ ಹಾಗೆ ಕೌದಿ ತೂಗುಹಾಕಿದ್ದಳು. ಎರಡು ಡಾಲರ್ ಚಾಚಿದೆ. ಫೋನಿನಲ್ಲಿ ಅತ್ತೆಯ ಫೋಟೋ ತೋರಿಸಿದೆ. ಲಿಂಗಸುಗೂರಿನ ಕಟ್ಟೆಯ ಮೇಲೆ ಅದೇ ಕೌದಿ ತೊಡೆಯ ಮೇಲೆ ಹರಡಿಕೊಂಡು ಸೂಜಿ ಹಿಡಿದ ಫೋಟೋ. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಕುರ್ಚಿ ಹತ್ತಿ ತಾನೇ ಇಳಿಸಿ, ಮಡಿಸಿ, ನನ್ನ ತೋಳಲ್ಲಿಟ್ಟಳು. ದುಡ್ಡು ಮುಟ್ಟಲಿಲ್ಲ.

ಅವತ್ತು ಹೆಂಡತಿ ಕೌದಿ ಹೊದ್ದು ಮಲಗಿದವಳು ಮರುದಿನವೇ ಎದ್ದಳು. ಎದ್ದವಳಿಗೆ ಧೈರ್ಯ ಬಂದಿತ್ತು. "ಮಾರೋದು ಇದ್ರ ಮಾರೋದನ್ನ ಮಾರೋಣ" ಅಂದಳು. ಮುಂದಿನ ಶನಿವಾರ ರಜೆ ಹಾಕಿ, ಹಳೆಯ ಬಾಡಿಗೆದಾರರು ಬಿಟ್ಟುಹೋಗಿದ್ದ ಹಾಳುಮೂಳು ಸಾಮಾನೆಲ್ಲ ಹೊರಗಿಟ್ಟಳು. "ನೀವು ಬಾಯಿ ತಗೀಬ್ಯಾಡ್ರಿ" ಅಂತ ನನ್ನನ್ನು ಒಂದು ಮರದ ಕುರ್ಚಿಯಲ್ಲಿ ಕೂಡಿಸಿದಳು. ನಾನು ತೆಗೆಯಲಿಲ್ಲ.

ಆ ಅಜ್ಜಿಯೂ ಬಂದಳು. ಸಾಮಾನೆಲ್ಲ ನೋಡಿ, ಕಡೆಗೆ ನನ್ನ ಹತ್ತಿರ ಬಂದು ನಿಂತು ನಾನು ಕೂತ ಕುರ್ಚಿ ತೋರಿಸಿದಳು.

"ಎಷ್ಟು?"

ಹೆಂಡತಿ ಅಂದಳು: "ಕುರ್ಚಿ ಅಷ್ಟ ಆದ್ರ ಐದು ಡಾಲರ್. ಕುಂತವರ ಸಮೇತ ಒಯ್ದ್ರ ಪುಕ್ಕಟ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಆಮೇಲೆ ಪರ್ಸು ತೆಗೆದು ಐದು ಡಾಲರ್ ಕೊಟ್ಟಳು.